ಗೀಸರ್ ನೀರು ಸರಿಯಾಗಿ ಕಾಯ್ತಿಲ್ವಾ? ಕಾಯಿಲ್ ಬಿಚ್ಚೋ ಮುಂಚೆ ವೋಲ್ಟ್, ಆಂಪ್ ಅಳೆದು ನೋಡಿ

ಗೀಸರ್ ಹಾಕಿ ಅರ್ಧ ಗಂಟೆ ಆದ್ರೂ ನೀರು ಉಗುರುಬೆಚ್ಚಗೇ ಇದೆ ಅಂತ ರಿಪೇರಿಯವ್ರನ್ನ ಕರೆದ್ರೆ ಹತ್ತಕ್ಕೆ ಎಂಟು ಸಲ ಬರೋ ಉತ್ತರ ಒಂದೇ, "ಕಾಯಿಲ್ ವೀಕ್ ಆಗಿದೆ ಸಾರ್, ಹೊಸದು ಹಾಕ್ಬೇಕು". ಹಾಕ್ತಾರೆ, ದುಡ್ಡು ಇಸ್ಕೊಂಡು ಹೋಗ್ತಾರೆ, ಮಾರನೇ ದಿನ ಬೆಳಿಗ್ಗೆ ನೀರು ಮತ್ತೆ ಅದೇ ಉಗುರುಬೆಚ್ಚಗೆ. ಕಾಯಿಲ್ ಒಳಗಿರೋದು ನೈಕ್ರೋಮ್ ತಂತಿ, ಅದು ವಯಸ್ಸಾದ ಹಾಗೆ ಸುಸ್ತಾಗೋ ಜಾತಿ ಅಲ್ಲ, ಇದ್ರೆ ಪೂರ್ತಿ ಕೆಲಸ ಮಾಡತ್ತೆ, ಇಲ್ಲಾಂದ್ರೆ ಕಟ್ ಆಗಿ ಪೂರ್ತಿ ನಿಂತೋಗತ್ತೆ, ಅಥವಾ ಹೊರಗಿನ ಟ್ಯೂಬ್ ತೂತಾಗಿ ಶಾಕ್ ಹೊಡೆಯತ್ತೆ. "ವೀಕ್" ಅನ್ನೋದು ಬಲು ಅಪರೂಪ. ಹಾಗಾಗಿ ನೀರು ನಿಧಾನಕ್ಕೆ ಕಾಯ್ತಿದೆ ಅಂದ್ರೆ ತಪ್ಪು ಬೇರೆ ಎಲ್ಲೋ ಇರೋ ಸಾಧ್ಯತೆನೇ ಜಾಸ್ತಿ, ಮತ್ತು ಎಲ್ಲಿದೆ ಅಂತ ಎರಡು ರೀಡಿಂಗ್‌ನಲ್ಲಿ ಗೊತ್ತಾಗತ್ತೆ, ಒಂದು ವೋಲ್ಟ್ ಇನ್ನೊಂದು ಆಂಪ್. ಶರತ್ತು ಇಷ್ಟೇ, ಎರಡನ್ನೂ ಗೀಸರ್ ಓಡ್ತಿರುವಾಗಲೇ, ಒಂದೇ ಹೊತ್ತಲ್ಲಿ ಅಳೀಬೇಕು.

ಲೆಕ್ಕ ಹೈಸ್ಕೂಲಿನದ್ದೇ. ವೋಲ್ಟನ್ನ ಆಂಪಿಂದ ಭಾಗಿಸಿದ್ರೆ ಓಮ್, ಅಂದ್ರೆ ರೆಸಿಸ್ಟೆನ್ಸು. ವೋಲ್ಟನ್ನ ಆಂಪಿಂದ ಗುಣಿಸಿದ್ರೆ ವಾಟ್, ಅಂದ್ರೆ ಪವರ್ರು. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪುಸ್ತಕದಲ್ಲಿ ಹಾಕಿದ ಸಂಬಂಧನೇ ಇವತ್ತಿಗೂ ಬಚ್ಚಲಮನೆ ಗೀಸರ್‌ಗೆ ಸಾಕು, ಬೇರೇನೂ ಬೇಡ.

ಮೊದಲು ನಿಮ್ಮ ಗೀಸರ್ ಎಷ್ಟು ತಗೋಬೇಕು ಅಂತ ಬರ್ಕೊಳ್ಳಿ

ಗೀಸರ್ ಮೈಮೇಲೆ ಸ್ಟಿಕ್ಕರೋ ಪ್ಲೇಟೋ ಇರತ್ತೆ, 15 ಲೀಟರಿಂದು ಅಥವಾ 25 ಲೀಟರಿಂದಾದ್ರೆ ಸಾಮಾನ್ಯವಾಗಿ 2000 ವಾಟ್, 230 ವೋಲ್ಟ್ ಅಂತಿರತ್ತೆ. 2000ನ್ನ 230ರಿಂದ ಭಾಗಿಸಿ, 8.7 ಆಂಪ್. 230ನ್ನ 8.7ರಿಂದ ಭಾಗಿಸಿ, 26.4 ಓಮ್. ಆಂಪ್ ಲೆಕ್ಕ ಹಾಕದೇ ನೇರ ಓಮ್ ಬೇಕಾದ್ರೆ 230 ಗುಣಿಸು 230, ಬಂದಿದ್ದನ್ನ 2000ದಿಂದ ಭಾಗಿಸಿ, ಅದೂ ಅಷ್ಟೇ ಬರತ್ತೆ. ಅಡುಗೆಮನೆಗೆ ಹಾಕೋ 3 ಲೀಟರ್ ಇನ್‌ಸ್ಟಂಟ್ ಗೀಸರ್ 3000 ವಾಟಿಂದು, ಅದಕ್ಕೆ 13 ಆಂಪ್, 17.6 ಓಮ್. ಬಕೆಟ್‌ಗೆ ಇಳಿಬಿಡೋ ರಾಡ್ 1500 ವಾಟಾದ್ರೆ 6.5 ಆಂಪ್, 35 ಓಮ್. ಇದೇ ನಂಬರ್ ಪಕ್ಕಾ ಬರ್ಬೇಕು ಅಂತೇನಿಲ್ಲ, ಕಾಯಿಲ್‌ನ ವಾಟ್ ಬರೆದಿದ್ದಕ್ಕಿಂತ ಶೇ. 10ರಷ್ಟು ಕಮ್ಮಿ ಇರೋಕೆ, ಶೇ. 5ರಷ್ಟು ಜಾಸ್ತಿ ಇರೋಕೆ ಸ್ಟ್ಯಾಂಡರ್ಡ್‌ನಲ್ಲೇ ಅವಕಾಶ ಇದೆ, ಹಾಗಾಗಿ 2000 ವಾಟಿನ ಕಾಯಿಲ್ 25ರಿಂದ 29.5 ಓಮ್ ಒಳಗೆ ಎಲ್ಲಿದ್ರೂ ಚೆನ್ನಾಗಿದೆ ಅಂತಲೇ ಅರ್ಥ.

ಅಳೆಯೋದು ಹೇಗೆ, ಎಲ್ಲಿ

ವೋಲ್ಟ್ ಅಳೆಯೋಕೆ ಮಲ್ಟಿಮೀಟರ್ ಒಂದು, ಆಂಪ್ ಅಳೆಯೋಕೆ ವೈರಿಗೆ ಕಚ್ಚಿಸೋ ಕ್ಲ್ಯಾಂಪ್ ಮೀಟರ್ ಒಂದು. ಕ್ಲ್ಯಾಂಪ್ ಮೀಟರನ್ನ ಕೆಲವರು ಟಾಂಗ್ ಟೆಸ್ಟರ್ ಅಂತಾರೆ, ಎರಡೂ ಕೆಲಸ ಒಂದರಲ್ಲೇ ಮಾಡೋ ಮೀಟರೂ ಸಿಗತ್ತೆ. ಮಲ್ಟಿಮೀಟರ್‌ನಲ್ಲಿ ಒಂದು ಜಾಗ ಎಚ್ಚರ, ಕೆಂಪು ವೈರ್ ಆಂಪ್ ಅಂತ ಬರೆದಿರೋ ತೂತಲ್ಲಿ ಇದ್ದಾಗ ಅದನ್ನ ಸಾಕೆಟ್‌ಗೆ ಚುಚ್ಚಿದ್ರೆ ನೇರ ಶಾರ್ಟ್ ಸರ್ಕ್ಯೂಟ್, ಫ್ಯೂಸ್ ಇಲ್ಲದ ಅಗ್ಗದ ಮೀಟರಾದ್ರೆ ಕೈಯಲ್ಲೇ ಢಂ ಅನ್ನತ್ತೆ. ವೋಲ್ಟ್ ತೂತಲ್ಲೇ ಇದ್ಯಾ, ನಾಬ್ ಎಸಿ 600 ಅಥವಾ 750ರಲ್ಲಿ ಇದ್ಯಾ ಅಂತ ಪ್ರತಿ ಸಲ ನೋಡ್ಕೊಳ್ಳಿ. ಕ್ಲ್ಯಾಂಪ್ ಮೀಟರನ್ನ ಫೇಸ್ ವೈರ್ ಒಂದಕ್ಕೇ ಕಚ್ಚಿಸ್ಬೇಕು. ಫೇಸು ನ್ಯೂಟ್ರಲ್ಲು ಎರಡೂ ಇರೋ ದಪ್ಪ ಕೇಬಲ್‌ಗೆ ಕಚ್ಚಿಸಿದ್ರೆ ಹೋಗೋದು ಬರೋದು ಒಂದಕ್ಕೊಂದು ಕಳೆದುಹೋಗಿ ಸೊನ್ನೆ ತೋರ್ಸತ್ತೆ, ಆಮೇಲೆ "ಆಂಪೇ ಬರ್ತಿಲ್ಲ, ಕಾಯಿಲ್ ಹೋಗಿದೆ" ಅಂತ ತೀರ್ಮಾನ ಆಗ್ಬಿಡತ್ತೆ. ಮೂರೂ ವೈರ್ ಬಿಡಿಬಿಡಿಯಾಗಿರೋ ಚಿಕ್ಕ 16 ಆಂಪ್ ಎಕ್ಸ್‌ಟೆನ್ಶನ್ ಮಾಡಿಟ್ಕೊಂಡ್ರೆ ಡಿಬಿ ಬಾಕ್ಸ್ (ಮನೆಯ ಎಲ್ಲಾ ಲೈನಿನ ಸ್ವಿಚ್ ಇರೋ ಮೇನ್ ಡಬ್ಬ) ಬಿಚ್ಚೋ ರಗಳೆನೇ ಇಲ್ಲ.

ವೋಲ್ಟ್ ಅಳೆಯೋಕೂ ಬಾಕ್ಸ್ ಬಿಚ್ಬೇಕಿಲ್ಲ. ಗೀಸರ್ ಬೋರ್ಡಲ್ಲಿ 16 ಆಂಪ್ ಸಾಕೆಟ್ ಪಕ್ಕ ಅದೇ ವೈರಿಂದ ತೆಗೆದಿರೋ ಸಣ್ಣ ಸಾಕೆಟ್ ಇದ್ರೆ ಅಲ್ಲಿ ಚುಚ್ಚಿ, ಗೀಸರ್ ಓಡುವಾಗ ಅಲ್ಲಿಗೆ ಎಷ್ಟು ವೋಲ್ಟ್ ಬರ್ತಿದೆ ಅಂತ ಸಿಕ್ತು. ಡಿಬಿ ಹತ್ರ ಎಷ್ಟಿದೆ ಅಂತ ತಿಳ್ಕೊಳ್ಳೋಕೆ ಇನ್ನೊಂದು ಉಪಾಯ ಇದೆ, ಇದನ್ನ ಎಲೆಕ್ಟ್ರಿಷಿಯನ್‌ಗಳೂ ಜಾಸ್ತಿ ಮಾಡಲ್ಲ: ಹಾಲ್‌ನಲ್ಲಿ ಏನೂ ಓಡದೇ ಇರೋ ಬೇರೆ ಲೈನಿನ ಸಾಕೆಟ್‌ಗೆ ಮೀಟರ್ ಚುಚ್ಚಿ. ಆ ಲೈನಲ್ಲಿ ಆಂಪೇ ಹರಿಯದೇ ಇರೋದ್ರಿಂದ ಅದರ ವೈರಲ್ಲಿ ವೋಲ್ಟ್ ಇಳಿಯಲ್ಲ, ಡಿಬಿಲಿ ಎಷ್ಟಿದೆಯೋ ಅಷ್ಟೇ ಹಾಲ್‌ನಲ್ಲಿ ಕಾಣತ್ತೆ. ಮನೆಗೆ ತ್ರೀ ಫೇಸ್ ಇದ್ರೆ ಮಾತ್ರ ಎರಡೂ ಸಾಕೆಟ್ ಒಂದೇ ಫೇಸ್ ಮೇಲಿದ್ಯಾ ನೋಡ್ಕೊಳ್ಳಿ. ಒದ್ದೆ ಕೈ, ಒದ್ದೆ ನೆಲ, ಬರಿಗಾಲು ಇದ್ಯಾವ್ದೂ ಬೇಡ, ಓಡ್ತಿರೋ ಲೈನಿಗೆ ಪ್ರೋಬ್ ಚುಚ್ಚಿ ಅಭ್ಯಾಸ ಇಲ್ದಿದ್ರೆ ಗೊತ್ತಿರೋರ ಕೈಲಿ ಅಳೆಸಿ ನಂಬರ್ ಮಾತ್ರ ನೀವು ಬರ್ಕೊಳ್ಳಿ.

ಕ್ಲ್ಯಾಂಪ್ ಮೀಟರ್ ಇಲ್ವಾ? ಮನೆ ಮುಂದೆ ಕರೆಂಟ್ ಮೀಟರ್ ಇದೆಯಲ್ಲ. ಡಿಜಿಟಲ್ ಮೀಟರ್ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಸಲ ಕೆಂಪು ಲೈಟ್ ಮಿಣುಕತ್ತೆ ಅಂತ ಬರೆದಿರತ್ತೆ, 3200 ಅಂತಲೋ 1600 ಅಂತಲೋ. ಫ್ರಿಜ್ಜು ಫ್ಯಾನು ಎಲ್ಲಾ ಆಫ್ ಮಾಡಿ ಗೀಸರ್ ಒಂದೇ ಬಿಟ್ಟು ಒಂದು ನಿಮಿಷ ಎಣಿಸಿ, 60ರಿಂದ ಗುಣಿಸಿ, ಮೀಟರ್ ಮೇಲಿನ ನಂಬರಿಂದ ಭಾಗಿಸಿ, ಕಿಲೋವಾಟ್ ಬಂತು. 3200ರ ಮೀಟರಲ್ಲಿ ನಿಮಿಷಕ್ಕೆ 107 ಸಲ ಮಿಣುಕಿದ್ರೆ 2 ಕಿಲೋವಾಟ್, ಸರಿಯಾಗಿದೆ. 64 ಸಲ ಮಾತ್ರ ಮಿಣುಕಿದ್ರೆ 1.2 ಕಿಲೋವಾಟ್, ಏನೋ ತೊಂದರೆ ಇದೆ. ವಾಟನ್ನ ವೋಲ್ಟಿಂದ ಭಾಗಿಸಿದ್ರೆ ಆಂಪೂ ಸಿಕ್ತು, ಮೀಟರ್ ಖರೀದಿ ಉಳೀತು.

ಈಗ ರೀಡಿಂಗ್ ಏನು ಹೇಳ್ತಿದೆ ನೋಡೋಣ

ವೋಲ್ಟ್ 180, ಆಂಪ್ 6.8 ಬಂತು ಅಂತಿಟ್ಕೊಳ್ಳಿ, ಬೇಸಿಗೇಲಿ ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರೋ ಊರುಗಳಲ್ಲಿ ಇದು ಹೊಸದೇನಲ್ಲ. 180ನ್ನ 6.8ರಿಂದ ಭಾಗಿಸಿದ್ರೆ 26.5 ಓಮ್, ಕಾಯಿಲ್ ಗುಂಡುಕಲ್ಲಿನ ಹಾಗಿದೆ. ಆದ್ರೆ ಪವರ್ 180 ಗುಣಿಸು 6.8, ಬರೀ 1225 ವಾಟ್. ವೋಲ್ಟ್ ಇಳಿದಿದ್ದು ಐದನೇ ಒಂದು ಭಾಗದಷ್ಟು, ಪವರ್ ಇಳಿದಿದ್ದು ಹತ್ತಿರ ಹತ್ತಿರ ಶೇ. 40, ಯಾಕಂದ್ರೆ ವೋಲ್ಟ್ ಕಮ್ಮಿಯಾದಾಗ ಆಂಪೂ ಜೊತೇಲೇ ಕಮ್ಮಿಯಾಗತ್ತೆ, ಹೊಡೆತ ಎರಡು ಕಡೆಯಿಂದ. 15 ಲೀಟರ್ ನೀರನ್ನ 25 ಡಿಗ್ರಿಯಿಂದ 60ಕ್ಕೆ ಏರಿಸೋಕೆ 2000 ವಾಟಲ್ಲಿ 18 ನಿಮಿಷ ಚಿಲ್ಲರೆ ಸಾಕು, 1225 ವಾಟಲ್ಲಿ 30 ನಿಮಿಷ. ನೀರು ಯಾಕೆ ನಿಧಾನಕ್ಕೆ ಕಾಯ್ತಿದೆ ಅನ್ನೋ ಕಥೆ ಇಲ್ಲೇ ಬಿಡಿಸ್ಕೊಳ್ತು.

ಮೆಕ್ಯಾನಿಕ್‌ಗಳು ಎಡವೋದೂ ಇಲ್ಲೇನೇ. ಆಂಪ್ ಮಾತ್ರ ಅಳೀತಾರೆ, 6.8 ಬರತ್ತೆ, ವೋಲ್ಟ್ ಹೇಗೂ 230 ಅಂತ ಮನಸ್ಸಲ್ಲೇ ಹಿಡ್ಕೊಂಡು ಭಾಗಿಸ್ತಾರೆ, 33.8 ಓಮ್, ರೆಸಿಸ್ಟೆನ್ಸ್ ಜಾಸ್ತಿ ಆಗೋಗಿದೆ ಕಾಯಿಲ್ ವೀಕು! ವೋಲ್ಟ್ ಅಳೀದೆ ಭಾಗಾಕಾರ ಮಾಡಿದ್ದಕ್ಕೆ ಗಿರಾಕಿ ಜೇಬು ತೂತು. ಇಂಥ ಕಡೆ ಕಾಯಿಲ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ, ಬೇರೆ ಬೇರೆ ಹೊತ್ತಲ್ಲಿ ವೋಲ್ಟ್ ಬರೆದಿಟ್ಕೊಂಡು ಕರೆಂಟ್ ಕಂಪನಿ ಸಹಾಯವಾಣಿ 1912ಕ್ಕೆ ದೂರು ಕೊಡಿ, ಅಲ್ಲೀವರೆಗೆ ಅಕ್ಕಪಕ್ಕದವರೆಲ್ಲ ಗೀಸರ್ ಹಾಕೋ ಹೊತ್ತು ತಪ್ಪಿಸಿ ಹಾಕ್ಕೊಳ್ಳಿ.

ವೋಲ್ಟ್ 230, ಆಂಪ್ 8.7, ಎರಡೂ ಸರಿ, ಆದ್ರೂ ನೀರು ಕಾಯ್ತಿಲ್ಲ ಅಂದ್ರೆ? ಆಗ ಕರೆಂಟ್ ಕಡೆ ನೋಡೋದು ಬಿಡಿ. 2000 ವಾಟ್ ಒಳಗೆ ಹೋಗ್ತಿದೆ ಅಂದ್ಮೇಲೆ ಅದು ನೀರಿಗೇ ಹೋಗ್ತಿದೆ, ಬೇರೆ ಹೋಗೋಕೆ ದಾರಿ ಇಲ್ಲ. ಬೋರ್‌ವೆಲ್ ನೀರಿನ ಬಿಳಿ ಪದರ ಕಾಯಿಲ್ ಮೇಲೆ ದಪ್ಪಗೆ ಕಟ್ಟಿದ್ರೂ ವಾಟ್ ಕಮ್ಮಿಯಾಗಲ್ಲ, ಕಾಯಿಲ್ ಒಳಗೆ ಬಿಸಿ ಜಾಸ್ತಿಯಾಗಿ ಬೇಗ ಸಾಯತ್ತೆ ಅಷ್ಟೇ. ಇಂಥ ಹೊತ್ತಲ್ಲಿ ನೋಡಬೇಕಾದ್ದು ನಲ್ಲಿ. ಮಿಕ್ಸರ್ ಟ್ಯಾಪ್ ಒಳಗೆ ವಾಷರ್ ಹೋಗಿದ್ರೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ತಾ ಇರತ್ತೆ, ಎಷ್ಟು ಕಾಸಿದ್ರೂ ಉಗುರುಬೆಚ್ಚಗೆ. ನೀರು ಕಾದ್ಮೇಲೆ ಕರೆಂಟ್ ಕಟ್ ಮಾಡೋ ಥರ್ಮೋಸ್ಟ್ಯಾಟ್ ಬೇಗ ಕಟ್ ಆಗ್ತಿದ್ಯಾ ಅಂತಾನೂ ನೋಡಿ, 8.7 ಆಂಪ್ ಐದು ನಿಮಿಷ ಇದ್ದು ಆಮೇಲೆ ಸೊನ್ನೆ ಆಗಿ ನೀರು ಇನ್ನೂ ಬೆಚ್ಚಗಷ್ಟೇ ಇದ್ರೆ ಅದೇ ಕಳ್ಳ. ಇನ್ನು ಡಿಸೆಂಬರಲ್ಲಿ ಓವರ್‌ಹೆಡ್ ಟ್ಯಾಂಕ್ ನೀರು 18 ಡಿಗ್ರಿಗೆ ಇಳಿದಿದ್ರೆ ಅದೇ ಗೀಸರ್‌ಗೆ 22 ನಿಮಿಷ ಬೇಕು, ಅದಕ್ಕೆ ರಿಪೇರಿ ಇಲ್ಲ.

ವೋಲ್ಟ್ ಸರಿ, ಆಂಪ್ 4.35 ಮಾತ್ರ ಅಂದ್ರೆ 53 ಓಮ್, 1000 ವಾಟ್. ಹಿಂದೆ ಯಾರೋ ತಪ್ಪು ಕಾಯಿಲ್ ಹಾಕಿದ್ದಾರೆ, ಅಥವಾ ಎರಡು ಕಾಯಿಲ್ ಇರೋ ಟ್ಯಾಂಕಾದ್ರೆ ಒಂದು ಹೋಗಿದೆ. ಆಂಪ್ ಸೊನ್ನೆ ಅಂದ್ರೆ ಲೈನ್ ಕಟ್, ಅದನ್ನ ಕೆಳಗೆ ನೋಡೋಣ.

ಗೀಸರ್ ಹಾಕಿದ ತಕ್ಷಣ ವೋಲ್ಟ್ ಕುಸಿಯೋದು

ನನ್ನ ಪ್ರಕಾರ ಹಳೇ ವೈರಿಂಗ್ ಇರೋ ಮನೆಗಳಲ್ಲಿ ಅರ್ಧಕ್ಕರ್ಧ ಕೇಸು ಇದೇ, ಮತ್ತು ಅಪಾಯ ಇರೋದೂ ಇದರಲ್ಲೇ. ಪಕ್ಕದ ಬೀದಿ ಆಂಟಿ ಮನೇಲಿ ನೋಡಿದ್ದು ಹೇಳ್ತೀನಿ. "ಇದು ಎರಡನೇ ಕಾಯಿಲ್ ಕಣಪ್ಪ, ಈ ಗೀಸರ್ರೇ ಸರಿ ಇಲ್ವೇನೋ, ಹೊಸದೇ ತಗೊಂಬಿಡ್ಲಾ" ಅಂದ್ರು. "ತಡೀರಿ ಆಂಟಿ, ಸ್ವಲ್ಪ ಅಳೆದು ನೋಡೋಣ" ಅಂತ ಮೀಟರ್ ತಗೊಂಡೋದೆ. ಗೀಸರ್ ಆಫ್ ಇದ್ದಾಗ ಹಾಲಲ್ಲೂ 226, ಬಚ್ಚಲಮನೆ ಬೋರ್ಡಲ್ಲೂ 226, ಎಲ್ಲಾ ಚೆನ್ನಾಗೇ ಇದೆ. ಆನ್ ಮಾಡಿದ ಮೇಲೆ ಹಾಲಲ್ಲಿ 223, ಬೋರ್ಡಲ್ಲಿ 212, ಆಂಪ್ 8.0.

ಮೊದಲು ಕಾಯಿಲ್: 212 ಭಾಗಿಸು 8, 26.5 ಓಮ್. ಏನೂ ಆಗಿಲ್ಲ, ಎರಡನೇ ಕಾಯಿಲ್ ದುಡ್ಡು ದಂಡ. ಕಾಯಿಲ್‌ಗೆ ಸಿಗ್ತಿರೋದು 212 ಗುಣಿಸು 8, 1700 ವಾಟ್ ಹತ್ರ. ಬೀದಿ ಕಂಬದಿಂದ ಡಿಬಿವರೆಗೆ ಇಳಿದಿದ್ದು 3 ವೋಲ್ಟ್, ಅದು ಮಾಮೂಲಿ. ಡಿಬಿಯಿಂದ ಬಚ್ಚಲಮನೆಗೆ ಇಳಿದಿದ್ದು 11 ವೋಲ್ಟ್, 8 ಆಂಪಿಂದ ಭಾಗಿಸಿದ್ರೆ 1.4 ಓಮ್ ಹತ್ರ. ಈಗ ಈ 1.4 ಓಮ್ ವೈರಿನದ್ದೇನಾ ಅಂತ ಕೇಳ್ಕೋಬೇಕು. ವೈರ್ 2.5 ಸ್ಕ್ವೇರ್ ಎಂಎಂ ತಾಮ್ರ, ದೂರ 15 ಮೀಟರ್ ಇದ್ದಿರಬಹುದು, ಹೋಗೋಕೆ ಬರೋಕೆ ಸೇರಿ 30 ಮೀಟರ್. ಇಂಥ ವೈರಿಗೆ ಕಿಲೋಮೀಟರಿಗೆ ಏಳೂವರೆ ಎಂಟು ಓಮ್, ಅಂದ್ರೆ 30 ಮೀಟರಿಗೆ 0.23 ಓಮ್ ಅಷ್ಟೇ, ಅದರಲ್ಲಿ ಇಳಿಯೋದು 2 ವೋಲ್ಟೂ ಇಲ್ಲ. ಬಾಕಿ 9 ವೋಲ್ಟ್ ಎಲ್ಲೋ ಒಂದು ಜಾಗದಲ್ಲಿ ಕೂತ್ಕೊಂಡು ತಿಂತಾ ಇದೆ. 9 ಗುಣಿಸು 8, 72 ವಾಟ್. ಟಿವಿ ರಿಪೇರಿಯವ್ರ ಸೋಲ್ಡರಿಂಗ್ ಐರನ್ 25 ವಾಟಿಂದು, ಅದು ಸೀಸ ಕರಗಿಸತ್ತೆ, ಇಲ್ಲಿ ಅಂಥವು ಮೂರು ಸೇರಿ ಗೋಡೆ ಒಳಗೆ ಎಲ್ಲೋ ಉರೀತಿವೆ ಅಂದಂಗೆ.

ಮೇನ್ ಆಫ್ ಮಾಡಿ ಅಟ್ಟದ ಮೇಲಿನ ಜಂಕ್ಷನ್ ಬಾಕ್ಸ್ ಮುಚ್ಚಳ ತೆಗೆದ್ರೆ ಸುಟ್ಟ ಪ್ಲಾಸ್ಟಿಕ್ ವಾಸನೆ, ನ್ಯೂಟ್ರಲ್ ವೈರಿನ ಜಾಯಿಂಟಲ್ಲಿ ಇನ್ಸುಲೇಶನ್ ಟೇಪ್ ಕರಗಿ ಟಾರ್ ತರ ಅಂಟ್ಕೊಂಡಿತ್ತು, ಒಳಗೆ ತಾಮ್ರ ಕಪ್ಪಗೆ, ಕೈಲಿ ತಿರುಚಿ ಬಿಟ್ಟ ಗಂಟು, ಅಲ್ಲಾಡಿಸಿದ್ರೆ ಲೊಟಕ್ ಅಂತ ಬಿಚ್ಕೊಳ್ತು. ಕಪ್ಪಗಾದಷ್ಟನ್ನೂ ಕತ್ತರಿಸಿ, ಹೊಳೆಯೋ ತಾಮ್ರ ಬರೋವರೆಗೆ ಸುಲಿದು ಸರಿಯಾದ ಕನೆಕ್ಟರ್ ಹಾಕಿ ಸ್ಕ್ರೂ ಬಿಗಿ ಮಾಡಿಸಿದ್ವಿ. ಮತ್ತೆ ಅಳೆದಾಗ ಬೋರ್ಡಲ್ಲಿ 221 ವೋಲ್ಟ್, 8.35 ಆಂಪ್, 1845 ವಾಟ್. ಗೀಸರ್ ಅದೇ, ಕಾಯಿಲ್ ಅದೇ. ಆಂಟಿಗೆ ಸಿಟ್ಟು ಬಂದಿದ್ದು ಮೊದಲನೇ ಕಾಯಿಲ್ ಎಸೆದುಬಿಟ್ಟಿದ್ದಕ್ಕೆ.

ಇದರಲ್ಲಿ ಎಂಸಿಬಿ (ಆಂಪ್ ಮಿತಿ ಮೀರಿದ್ರೆ ತಾನಾಗೇ ಬೀಳೋ ಸ್ವಿಚ್ಚು) ಯಾಕೆ ಬೀಳಲ್ಲ ಅಂತ ತುಂಬ ಜನ ಕೇಳ್ತಾರೆ. ಲೂಸ್ ಜಾಯಿಂಟ್ ಇದ್ರೆ ಆಂಪ್ ಕಮ್ಮಿಯಾಗತ್ತೆ, ಜಾಸ್ತಿ ಆಗಲ್ಲ, 16 ಆಂಪಿನ ಎಂಸಿಬಿಗೆ 8 ಆಂಪ್ ಕಂಡ್ರೆ ಅದಕ್ಕೆ ಎಲ್ಲಾ ಕ್ಷೇಮ. ಅದು ಎಷ್ಟು ಆಂಪ್ ಅಂತ ನೋಡತ್ತೆ ಹೊರತು ಆ ಆಂಪ್ ಎಲ್ಲಿ ಬಿಸಿ ಮಾಡ್ತಿದೆ ಅಂತ ಅದಕ್ಕೆ ಗೊತ್ತಿಲ್ಲ. ಜೊತೆಗೆ ಹೀಗೆ ವೈರಲ್ಲಿ ಜಾಯಿಂಟಲ್ಲಿ ಹೋಗೋ ವಾಟು ಆಂಪಿನ ವರ್ಗದ ಲೆಕ್ಕದಲ್ಲಿ ಏರತ್ತೆ, ಆಂಪ್ ಎರಡು ಪಟ್ಟಾದ್ರೆ ನಷ್ಟ ನಾಲ್ಕು ಪಟ್ಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರ್ ಕರೆಂಟ್ ಎಳೆದಾಗ ವೋಲ್ಟೇಜನ್ನ ಸಾವಿರಾರು ವೋಲ್ಟಿಗೆ ಏರಿಸಿ ಆಂಪ್ ಇಳಿಸಿ ಕಳಿಸಿದ್ದು ಇದೇ ಲೆಕ್ಕಕ್ಕೆ. ಅದೇ ಜಾಯಿಂಟಿಗೆ 3000 ವಾಟಿನ ಇನ್‌ಸ್ಟಂಟ್ ಗೀಸರ್ ಹಾಕಿದ್ರೆ 72 ವಾಟಿನ ಜಾಗದಲ್ಲಿ 150 ವಾಟ್ ದಾಟತ್ತೆ, ಅಷ್ಟೊತ್ತಿಗೆ ಹೊಗೆ ಬಂದಿರತ್ತೆ.

ಬೋರ್ಡಲ್ಲಿ ವೋಲ್ಟ್ ಕುಸೀತಿಲ್ಲ, ಆದ್ರೂ ಆಂಪ್ ಕಮ್ಮಿ ಅನ್ನಿಸಿದ್ರೆ ಪ್ಲಗ್ಗೇ ಅನುಮಾನ. ಹತ್ತು ನಿಮಿಷ ಓಡಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಪಿನ್ ಮುಟ್ಟಿ ನೋಡಿ. ಒಂದು ಪಿನ್ ಮಾತ್ರ ಸುಡ್ತಿದ್ರೆ, ಅಥವಾ ಅದರ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ರೆ, ಪ್ಲಗ್ಗೂ ಸಾಕೆಟ್ಟೂ ಎರಡೂ ಬದಲಾಯಿಸಿ. ಪ್ಲಗ್ ಮಾತ್ರ ಬದಲಾಯಿಸಿದ್ರೆ ಸಡಿಲ ಆಗಿರೋ ಸಾಕೆಟ್ ಹೊಸ ಪ್ಲಗ್ಗನ್ನೂ ಸುಡತ್ತೆ.

ಒಂದು ವಿಚಿತ್ರ ರೀಡಿಂಗ್ ಬಗ್ಗೆ ಹೇಳ್ಲೇಬೇಕು. ತ್ರೀ ಫೇಸ್ ಮನೇಲಿ ಗೀಸರ್ ಹಾಕಿದಾಗ ಬೇರೆ ರೂಮಿನ ವೋಲ್ಟ್ 230ರಿಂದ ಮೇಲಕ್ಕೆ, 260, 280 ಅಂತ ಏರಿದ್ರೆ, ಬಲ್ಬ್ ಜೋರಾಗಿ ಉರಿದ್ರೆ, ಮೇನ್ ನ್ಯೂಟ್ರಲ್ ಬಿಟ್ಟೋಗ್ತಿದೆ. ಲೆಕ್ಕ ಗಿಕ್ಕ ಏನೂ ಬೇಡ, ಮೇನ್ ಆಫ್ ಮಾಡಿ ಲೈನ್‌ಮನ್‌ನ ಕರೀರಿ, ಇಲ್ಲಾಂದ್ರೆ ಟಿವಿ ಫ್ರಿಜ್ಜು ಎಲ್ಲಾ ಒಟ್ಟಿಗೆ ಹೋಗತ್ತೆ.

ಆಂಪ್ ಸೊನ್ನೆ, ಅಥವಾ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನಾಗೇ ಬೀಳೋ ಸ್ವಿಚ್ಚು) ಬೀಳ್ತಿದ್ರೆ

ಈಗ ಪ್ಲಗ್ ಕಿತ್ತಿಟ್ಟು ಓಮ್ ರೇಂಜಲ್ಲಿ ಅಳೀಬಹುದು, ಕರೆಂಟ್ ಇರೋವಾಗ ಓಮ್ ರೇಂಜ್ ಮುಟ್ಟಲೇಬೇಡಿ. ನೀರು ತಣ್ಣಗಿರ್ಬೇಕು, ಇಲ್ಲಾಂದ್ರೆ ಥರ್ಮೋಸ್ಟ್ಯಾಟ್ ಕಟ್ ಆಗಿದ್ದು ಕಾಯಿಲ್ ಹೋದ ಹಾಗೆ ಕಾಣತ್ತೆ. ಮೊದಲು ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿ, 0.3 ಓಮೋ ಎಷ್ಟೋ ಬರತ್ತೆ, ಅದನ್ನ ಕಳೀಬೇಕು. ಪ್ಲಗ್ಗಿನ ಫೇಸ್ ನ್ಯೂಟ್ರಲ್ ಪಿನ್ ಮಧ್ಯೆ 26-27 ಬಂದ್ರೆ ಗೀಸರ್ ಒಳಗಿನ ಲೈನ್ ಪೂರ್ತಿ ಸರಿ, ತಪ್ಪು ಸಾಕೆಟ್ಟಿಂದ ಹಿಂದಕ್ಕಿದೆ. ಓಎಲ್ ಅಂತಲೋ 1 ಅಂತಲೋ ಬಂದ್ರೆ ಕೆಳಗಿನ ಮುಚ್ಚಳ ತೆಗೆದು ಕಾಯಿಲ್‌ನ ಎರಡು ಟರ್ಮಿನಲ್ ಮೇಲೇ ಅಳೀರಿ, ಅಲ್ಲಿ 26 ಬಂದ್ರೆ ಕಾಯಿಲ್ ಬದುಕಿದೆ, ಥರ್ಮೋಸ್ಟ್ಯಾಟೋ, ಬಿಸಿ ಅತಿಯಾದ್ರೆ ಲೈನ್ ಕತ್ತರಿಸೋ ಕಟೌಟೋ ಹೋಗಿದೆ, ಎಷ್ಟೋ ಸಲ ಕಟೌಟ್‌ನ ಚಿಕ್ಕ ರೀಸೆಟ್ ಬಟನ್ ಒತ್ತಿದ್ರೆ ಸಾಕು, ಆದ್ರೆ ಅದು ಯಾಕೆ ಎಗರ್ತು ಅಂತ ನೋಡ್ದೆ ಪದೇ ಪದೇ ಒತ್ತೋದು ಒಳ್ಳೇದಲ್ಲ.

ಆರ್‌ಸಿಸಿಬಿ ಬೀಳೋದಕ್ಕೂ ಅದೇ ಭಾಗಾಕಾರ. ಮನೆಗೆ ಹಾಕೋ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪ್ ಲೀಕಿಗೆ ಬೀಳೋದು, ಅಂದ್ರೆ 0.03 ಆಂಪ್, 230ನ್ನ ಅದರಿಂದ ಭಾಗಿಸಿದ್ರೆ 7,667 ಓಮ್. ಫೇಸಿಂದ ಗೀಸರ್ ಬಾಡಿಗೆ ರೆಸಿಸ್ಟೆನ್ಸ್ ಅದಕ್ಕಿಂತ ಕೆಳಗಿಳಿದ್ರೆ ಬಿದ್ದೇ ಬೀಳತ್ತೆ, ನಿಜದಲ್ಲಿ ಲೀಕು 30ರ ಅರ್ಧ, ಅಂದ್ರೆ 15 ಮಿಲಿಆಂಪ್ ದಾಟಿದ್ಮೇಲೆ ಯಾವಾಗ ಬೇಕಾದ್ರೂ ಬೀಳಬಹುದು, ಅಂದ್ರೆ 15 ಸಾವಿರ ಓಮ್ ಇದ್ರೂ ಅನುಮಾನವೇ. ಚೆನ್ನಾಗಿರೋ ಗೀಸರ್ ಲಕ್ಷಗಟ್ಟಲೆ ಓಮ್ ತೋರಿಸ್ಬೇಕು. ಮಲ್ಟಿಮೀಟರಿನ ಬ್ಯಾಟರಿ ವೋಲ್ಟಲ್ಲಿ ಚೆನ್ನಾಗಿ ಕಾಣೋದು 230ರಲ್ಲಿ ಲೀಕ್ ಆಗಬಹುದು, ಅದಕ್ಕೆ ಇನ್ಸುಲೇಶನ್ ಅಳೆಯೋ 500 ವೋಲ್ಟಿನ ಮೆಗ್ಗರ್ ಇರೋರ ಕೈಲಿ ಚೆಕ್ ಮಾಡ್ಸಿ. ಬೀಳ್ತಿದೆ ಅಂತ ಆರ್‌ಸಿಸಿಬಿನೇ ಬೈಪಾಸ್ ಮಾಡೋ ಮಹಾನುಭಾವರಿದ್ದಾರೆ, ಅಂಥವರನ್ನ ಮನೆಗೆ ಸೇರಿಸ್ಬೇಡಿ.

ಈ ಲೆಕ್ಕ ಎಲ್ಲಿ ಹಾಕ್ಬಾರ್ದು

ಗೀಸರ್, ರಾಡ್, ಇಸ್ತ್ರಿಪೆಟ್ಟಿಗೆ, ಸೋಲಾರ್ ಟ್ಯಾಂಕಿನ ಬ್ಯಾಕಪ್ ಕಾಯಿಲ್, ಇಷ್ಟಕ್ಕೆ ಸರಿ. ಹಳೇ ಕಾಲದ 100 ವಾಟ್ ಬಲ್ಬಿಗೆ ಉರಿಯುವಾಗ 529 ಓಮ್ ಬರ್ಬೇಕು, ತಣ್ಣಗಿದ್ದಾಗ ಅಳೆದ್ರೆ ಅದರ ಹತ್ತನೇ ಒಂದು ಭಾಗಕ್ಕೂ ಕಮ್ಮಿ ತೋರ್ಸತ್ತೆ, ಟಂಗ್‌ಸ್ಟನ್ ಬಿಸಿಯಾದಾಗ ರೆಸಿಸ್ಟೆನ್ಸ್ ಅಷ್ಟು ಏರತ್ತೆ. ನೈಕ್ರೋಮ್‌ಗೆ ಆ ಕಾಟ ಇಲ್ಲ, ಏರೋದು ನೂರಕ್ಕೆ ಕೆಲವೇ ಪಾಲು. ಪಂಪ್ ಮೋಟರ್ ಅಂತೂ ಬೇರೆ ಪ್ರಪಂಚ. ವೈಂಡಿಂಗ್ ಕೆಲವೇ ಓಮ್ ತೋರ್ಸತ್ತೆ, ಭಾಗಿಸಿದ್ರೆ 30-40 ಆಂಪ್ ಬರ್ಬೇಕು, ಓಡುವಾಗ 6-7 ಆಂಪ್ ಅಷ್ಟೇ ತಗೊಳತ್ತೆ. ವೋಲ್ಟ್ ಇಳಿದ್ರೆ ಗೀಸರ್ ತರ ಆಂಪ್ ಕಮ್ಮಿ ಮಾಡ್ಕೊಳ್ಳಲ್ಲ, ಉಲ್ಟಾ ಜಾಸ್ತಿ ಎಳೆದು ವೈಂಡಿಂಗ್ ಸುಟ್ಕೊಳ್ಳತ್ತೆ. ವೋಲ್ಟ್ ಗುಣಿಸು ಆಂಪ್ ಮಾಡಿ ಬಂದಿದ್ದೂ ಅಲ್ಲಿ ವಾಟ್ ಅಲ್ಲ, ಪವರ್ ಫ್ಯಾಕ್ಟರಿಂದ (ಅದರಲ್ಲಿ ನಿಜವಾದ ವಾಟ್ ಎಷ್ಟು ಪಾಲು ಅಂತ ಹೇಳೋ, 1ಕ್ಕಿಂತ ಕಮ್ಮಿ ಇರೋ ನಂಬರ್) ಇನ್ನೊಮ್ಮೆ ಗುಣಿಸ್ಬೇಕು. ಪಂಪಿನ ವಾಟ್ ಬೇಕೇ ಬೇಕು ಅಂದ್ರೆ ಕರೆಂಟ್ ಮೀಟರಿನ ಕೆಂಪು ಲೈಟೇ ಎಣಿಸಿ, ಅದು ಪವರ್ ಫ್ಯಾಕ್ಟರ್ ಸೇರಿಸ್ಕೊಂಡೇ ಮಿಣುಕತ್ತೆ.